ಏಡಿ ಕಾರ್ಖಾನೆಯಲ್ಲಿ ಮುಖ ತೊಳೆಯುವ ಪಾಠ

ಪುಂತಾ ಅರೇನಾಸಿನಲ್ಲಿ ಗಾಳಿಗೆ ಕೈಯಿದೆ.
ಹಿಡಿದು ನಡೆಯಲೆಂದು ಬೀದಿಬದಿಗೆ ಹಗ್ಗ ಕಟ್ಟುತ್ತಾರೆ;
ಕೆನ್ನೆಗೆ ಯಾರೂ ಏನೂ ಕಟ್ಟುವುದಿಲ್ಲ.

ಮೊದಲ ಸಂಬಳದ ಸಂಜೆ
ಹನ್ನೊಂದು ಶೀಶೆ ಕೊಂಡೆ.
ಫೋನಿನೊಳಗೆ ಗಾಜುಗೆನ್ನೆಯ ಹುಡುಗಿಯೊಬ್ಬಳು
ಒಂದರ ಮೇಲೊಂದು ಹಚ್ಚಿಕೊಂಡಂತೆ
ನಾನೂ ಹಚ್ಚಿದೆ: ನಿಂಬೆಯದು, ಆಮ್ಲದ್ದು,
ಬಸವನಹುಳುವಿನ ಲೋಳೆಯದು,
ಕೊನೆಗೆ ಅಡುಗೆಮನೆಯ ಸಕ್ಕರೆಯಲ್ಲಿ ತಿಕ್ಕಿದ್ದೂ ಆಯಿತು.
ಬೆಳಿಗ್ಗೆ ನನ್ನ ಮುಖ
ಹಬೆಯಿಂದ ಆಗಷ್ಟೇ ಎತ್ತಿದ ಏಡಿ.

ಸಾಲಿನಲ್ಲಿ ನನ್ನ ಪಕ್ಕ ನಿಲ್ಲುವವಳು ಎದುವಿನಾ.
ಇಪ್ಪತ್ತಾರು ವರ್ಷದಿಂದ ಕಾಲು ಮುರಿಯುತ್ತಾಳೆ, ಏಡಿಯದು.
ನೋಡಿದಳು. ನಗಲಿಲ್ಲ.
"ತಳ ಹಿಡಿದ ಪಾತ್ರೆಯನ್ನೂ ಹೀಗೆ ತಿಕ್ಕಬಾರದು, ನಯಾರೆತ್.
ಎಷ್ಟು ಸುರಿದೆ?"
ಸಂಬಳದ ಕಾಲುಭಾಗ ಎಂದೆ.
ಆಮೇಲೆ ನಡೆದದ್ದು ಮಂಗಳಾರತಿ.

ಊಟದ ಬಿಡುವಿನಲ್ಲಿ ಕೈಗವಸು ಕಳಚಿ
ಬ್ರೆಡ್ಡು ಸುತ್ತಿದ ಕಾಗದದ ಮೇಲೆ ಬರೆದುಕೊಟ್ಟಳು.

ಎರಡು ವಾರ ಎಲ್ಲ ಮುಚ್ಚಿಡು, ಮುಖಕ್ಕೂ ರಜೆ ಬೇಕು.
ರಾತ್ರಿ, ವಾಸನೆಯಿಲ್ಲದ ಮೆತ್ತನೆ ಸಾಬೂನು,
ಉಗುರುಬೆಚ್ಚಗಿನ ನೀರು.
ಕುದಿನೀರು ಏಡಿಗೆ, ನಿನಗಲ್ಲ.
ಟವೆಲಿನಲ್ಲಿ ಉಜ್ಜಬೇಡ, ಒತ್ತು,
ಮಲಗಿದ ಮಗುವಿನ ಬೆವರು ತೆಗೆದ ಹಾಗೆ.
ಹಸಿ ಆರುವ ಮುಂಚೆ ಕ್ರೀಮು,
ಔಷಧಿಯಂಗಡಿಯ ಕೆಳಗಿನ ಕಪಾಟಿನದು;
ಮೇಲಿನ ಕಪಾಟಿನದಕ್ಕೆ ಡಬ್ಬಿಗೇ ಅರ್ಧ ದುಡ್ಡು.
ಬೆಳಿಗ್ಗೆ ಬರೀ ನೀರು ಸಾಕು, ಮತ್ತೆ ಅದೇ ಕ್ರೀಮು,
ಅದರ ಮೇಲೆ ಬಿಸಿಲು ತಡೆಯುವುದು, ಎರಡು ಬೆರಳುದ್ದ.
ಜಿಪುಣತನ ಬೇರೆ ಕಡೆ ತೋರಿಸು.
ಕಿವಿ ಮರೆಯಬೇಡ.
ಹೊಸದೇನಾದರೂ ತಂದರೆ
ಮೊದಲು ಮೊಣಕೈಯ ಒಳಮಡಿಕೆಯನ್ನು ಕೇಳು,
ಮೂರು ದಿನ ಅದು ಸುಮ್ಮನಿದ್ದರೆ ಮುಖಕ್ಕೆ ತಾ.
ಒಂದು ಸಲಕ್ಕೆ ಒಂದೇ.

"ಮೊಡವೆ?"
"ಹತ್ತೊಂಬತ್ತಕ್ಕೆ ಬರದೆ ಅರವತ್ತಕ್ಕೆ ಬರುತ್ತದೆಯೇ?
ಚಿವುಟಬೇಡ. ಒಂದೆರಡು ತಿಂಗಳು ನೋಡು,
ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗು, ಫೋನಿನ ಹತ್ತಿರ ಅಲ್ಲ."

ಇಷ್ಟೇನಾ ಎಂದೆ. ನಿಜ ಹೇಳಬೇಕೆಂದರೆ ಬೇಸರವಾಗಿತ್ತು.
ಗುಟ್ಟೊಂದು ಇರಬಹುದು ಅಂದುಕೊಂಡಿದ್ದೆ,
ಅಜ್ಜಿಯ ಕಾಲದ ಬೇರು, ಕಡಲಪಾಚಿ, ಏನಾದರೂ.
"ಕಡಲಪಾಚಿಯನ್ನು ಸಾರಿಗೆ ಹಾಕು" ಎಂದಳು.

ನವೆಂಬರ್. ನೆತ್ತಿಯ ಮೇಲಿನ ಆಕಾಶ
ತೆಳುವಾಗಿದೆಯೆಂದು ರೇಡಿಯೊ ಎಚ್ಚರಿಸುತ್ತದೆ.
ಚಳಿಯಲ್ಲೂ ಸುಡುವ ಬಿಸಿಲು
ರಾತ್ರಿ ಒಂಬತ್ತಾದರೂ ಮನೆ ಸೇರುವುದಿಲ್ಲ.
ನನ್ನ ಕೆನ್ನೆ ಗಾಜಾಗಲಿಲ್ಲ,
ಮತ್ತೆ ಚರ್ಮವಾಯಿತು.
ನಕ್ಕರೆ ಉರಿಯುವುದಿಲ್ಲ, ಅಷ್ಟೇ.
ಅಷ್ಟು ಸಾಕೆಂದು ತಿಳಿಯಲು ಹನ್ನೊಂದು ಶೀಶೆ ಬೇಕಾದವು.

ಒಂದು ಸಂಜೆ ಗಾಳಿ ಎದುವಿನಾಳ ಉಣ್ಣೆಟೋಪಿ ಹಾರಿಸಿತು.
ಅವಳು ಹಗ್ಗ ಹಿಡಿದು ನಿಂತಳು,
ನಾನು ಟೋಪಿಯ ಹಿಂದೆ ಓಡಿದೆ.
ತಂದುಕೊಡುವಾಗ ಕಂಡಿತು:
ಎಡಗಿವಿಗೆ ಮೇಲಂಚು ಇಲ್ಲ.
ಹರಿದದ್ದಲ್ಲ. ಅಳೆದು ಕತ್ತರಿಸಿದ್ದು, ಹೊಲಿಗೆಯ ಗುರುತಿದೆ.
ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.
ಮನೆಗೆ ಬಂದು ಬ್ರೆಡ್ಡಿನ ಕಾಗದ ತೆಗೆದು ನೋಡಿದೆ.
ಇಡೀ ಪಟ್ಟಿಯಲ್ಲಿ ಕಿವಿಯ ಕೆಳಗೆ ಮಾತ್ರ
ಎರಡು ಗೆರೆ ಎಳೆದಿದ್ದಳು.

ಈಗ ಬೆಳಿಗ್ಗೆ ಬಸ್ಸಿಗೆ ಕಾಯುತ್ತ
ನನ್ನದು ಮುಗಿದ ಮೇಲೆ ಟ್ಯೂಬನ್ನು ಇನ್ನೊಮ್ಮೆ ಅದುಮುತ್ತೇನೆ.
"ನನ್ನದೇನಿದೆ ಇನ್ನು, ಹಳೇ ಬೂಟಿನ ತೊಗಲು" ಎನ್ನುತ್ತಾಳೆ,
ಎನ್ನುತ್ತಲೇ ಟೋಪಿ ತೆಗೆದು
ತಲೆಯನ್ನು ಇತ್ತ ಬಾಗಿಸುತ್ತಾಳೆ.